ಇಪ್ಪತ್ಮೂರು ಚುಕ್ಕೆಯ ನಕ್ಷೆ

ಮಲಗುವ ಹೊತ್ತಿನಲ್ಲಿ ಹೇಳುವಂಥದ್ದಲ್ಲ ಇದು... ಕೇಳಿದಿರಿ ಅಂತ ಹೇಳುತ್ತಿದ್ದೇನೆ. ನಮ್ಮ ಮನೆಗೆ ಗೋಡೆ ಅಂಟಿಕೊಂಡಿರುವ ಪಕ್ಕದ ಮನೆಯ ಸರ್ವೇಯರ್‌ಗೆ ಆದದ್ದು. ಜಮೀನು ಅಳೆಯುವ ಕೆಲಸ ಅವನದು. ಒಂದು ಗೇಣು ಆಚೀಚೆ ಆದರೆ ರಾತ್ರಿ ನಿದ್ದೆ ಬರುವುದಿಲ್ಲ ಅವನಿಗೆ. ಅಂಥವನು ಹೇಳಿದ್ದು. ಅದು ಸಾಲದು ಅಂತ ನಾನು ಅವನ ಹೆಂಡತಿಯನ್ನೂ ಬೇರೆಯಾಗಿ ಕೇಳಿದೆ. ಇಬ್ಬರ ಮಾತಿನಲ್ಲೂ ಐದು ನಿಮಿಷದ ಹೆಚ್ಚುಕಮ್ಮಿ ಸಿಗಲಿಲ್ಲ.

ಅವತ್ತು ಗುರುವಾರ. ರಾತ್ರಿ ಹತ್ತಕ್ಕೆ ಇನ್ನು ಹತ್ತು ನಿಮಿಷ ಇತ್ತು. ಸರ್ವೇಯರ್ ಪ್ರೆಸ್ಸಿನಿಂದ ನಡೆದು ಬರುತ್ತಿದ್ದ. ಕಂಕುಳಲ್ಲಿ ಒಂದು ಕಾಗದದ ಸುರುಳಿ. ತಲೆ ಪೂರ್ತಿ ಕೆಟ್ಟುಹೋಗಿತ್ತು. ಪ್ರೆಸ್ಸಿನ ಮಾಲೀಕ ಕೈಮುಗಿದು ಹೇಳಿ ಕಳಿಸಿದ್ದ.

“ಸಾಹೇಬ್ರೇ, ನಾಳೆ ಬೆಳಿಗ್ಗೆ ಎಂಟಕ್ಕೆ ನಕ್ಷೆಯ ಪುಟ ನನ್ನ ಕೈಯಲ್ಲಿರಬೇಕು. ಒಂಬತ್ತಕ್ಕೆ ಮಷಿನ್ ಮೇಲೆ ಶಾಲೆ ಪುಸ್ತಕ ಏರುತ್ತೆ. ಆಮೇಲೆ ಎರಡು ತಿಂಗಳು ನೀವು ಬಂದ್ರೂ ಅಷ್ಟೆ, ದೇವರು ಬಂದ್ರೂ ಅಷ್ಟೆ.”

“ನಕ್ಷೆ ಆಗಿದೆ. ಹೆಸರು ಕೂರಿಸೋದೊಂದು ಬಾಕಿ.”

“ಮೂರು ತಿಂಗಳಿಂದ ಅದೊಂದೇ ಬಾಕಿ ಇದೆ ಅಲ್ವಾ?”

ಚುಚ್ಚಿತು. ನಿಜವಾದ್ದರಿಂದ ಇನ್ನೂ ಹೆಚ್ಚು ಚುಚ್ಚಿತು.

ನಮ್ಮ ಓಣಿಗೆ ತಿರುಗುವ ಮೂಲೆಯಲ್ಲಿ ಒಂದು ಬಾವಿ ಇದೆ. ನೀರು ಸೇದುವುದು ನಿಂತು ವರ್ಷಗಳಾದವು. ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಅಲ್ಲಿಗೆ ಬಂದಾಗ ಅವನಿಗೆ ಒಂದು ಸದ್ದು ಕೇಳಿಸಿತು.

ಸರ್... ಸರ್... ಸರ್...

ನಿಂತ. ಸದ್ದೂ ನಿಂತಿತು. ಆಮೇಲೆ, ಮೆಲ್ಲಗೆ...

ಫೂ.

ಎಲೆಯ ಸದ್ದಲ್ಲ. ಇಲಿಯದೂ ಅಲ್ಲ. ಇಪ್ಪತ್ತು ವರ್ಷ ನಕ್ಷೆ ಬರೆದವನು, ಆ ಸದ್ದು ಅವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಕಾಗದದ ಮೇಲೆ ರಬ್ಬರ್ ಉಜ್ಜಿ, ಉದುರಿದ ಪುಡಿಯನ್ನು ಬಾಯಲ್ಲಿ ಊದಿದರೆ ಬರುವ ಸದ್ದು. ಸುತ್ತ ನೋಡಿದ. ಯಾರೂ ಇಲ್ಲ. ಹಸಿವಿಗೆ ಕಿವಿ ಗುಂಯ್‌ಗುಟ್ಟುತ್ತಿದೆ ಅಂದುಕೊಂಡು ಬಿರಬಿರನೆ ನಡೆದ.

ಆ ಸುರುಳಿ ಏನೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅದು ಅವನ ತಂಗಿಯದು. ತಂಗಿ ಆಸ್ಪತ್ರೆಯಲ್ಲಿ ನರ್ಸು, ಮಕ್ಕಳ ವಾರ್ಡಿನಲ್ಲಿ. ಸೂಜಿ ಕಂಡರೆ ಕಿರುಚುವ ಮಕ್ಕಳಿಗೆ ಅವಳು ಒಂದು ದೇಶದ ಕತೆ ಹೇಳುತ್ತಿದ್ದಳು. ಇಲ್ಲದ ದೇಶ. ಅಲ್ಲಿ ಸೂಜಿಕೋಟೆ ಇದೆ, ಕೆಮ್ಮುಗುಡ್ಡ ಇದೆ, ಕಹಿಮದ್ದಿನ ಹೊಳೆ ಇದೆ, ಹಠಮಾರಿಪೇಟೆ ಇದೆ. ಎಲ್ಲವನ್ನೂ ದಾಟಿ, ಜ್ವರದ ಮರಳುಗಾಡನ್ನು ಬಳಸಿಕೊಂಡು ಹೋದರೆ ಕೊನೆಗೆ ಒಂದು ಚುಕ್ಕೆ. ಅದರ ಹೆಸರು ಮನೆಬಾಗಿಲು. ಕತೆಯನ್ನೆಲ್ಲ ಬರೆದಿಟ್ಟಿದ್ದಳು. ನಕ್ಷೆಯನ್ನು ಪೆನ್ಸಿಲಿನಲ್ಲಿ ಬರೆದಿದ್ದಳು. ಹೆಸರುಗಳನ್ನು ಮಾತ್ರ ಅಣ್ಣನಿಗೆ ಬಿಟ್ಟಿದ್ದಳು.

“ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ನೀನು ಕಂಪ್ಯೂಟರ್‌ನಲ್ಲಿ ಅಚ್ಚುಕಟ್ಟಾಗಿ ಕೂರಿಸಿಕೊಡು ಅಣ್ಣಾ.”

“ನಾಳೆ ಮಾಡ್ತೀನಿ ಇರಮ್ಮಾ.”

“ನಿಮ್ಮ ಆಫೀಸಿನ ನಾಳೆ ಬೇಡ. ಕ್ಯಾಲೆಂಡರಿನ ನಾಳೆ.”

ಅವಳಿಗೆ ಕಾಯಿಲೆ ಅಂತ ಆಗ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಷ್ಟು ದಿನ ಅನ್ನುವುದು ಅವಳಿಗೊಬ್ಬಳಿಗೇ ಗೊತ್ತಿತ್ತು. ಅವಳು ಹೋಗಿ ನಾಲ್ಕು ತಿಂಗಳು. ವಾರ್ಡಿನ ದೊಡ್ಡ ನರ್ಸು ಐವತ್ತು ಪ್ರತಿ ಕೇಳಿದ್ದರು, ಮಂಚಕ್ಕೊಂದು. ಕತೆ ಅಚ್ಚಾಗಿತ್ತು. ನಕ್ಷೆಯ ಒಂದು ಪುಟಕ್ಕೆ ಎಲ್ಲವೂ ಕಾಯುತ್ತಿತ್ತು. ಅವನು ಆ ಕಾಗದ ಬಿಚ್ಚಲಾರದೆ ದಿನ ತಳ್ಳುತ್ತಿದ್ದ. ಹೋದವರ ಪೆನ್ಸಿಲ್ ಗೆರೆ ನೋಡುವುದು ಸುಲಭವಲ್ಲ. ಅದನ್ನು ನಾನು ವಿವರಿಸಬೇಕಾಗಿಲ್ಲ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟಳು.

“ಮಗು ಈಗ ತಾನೇ ಮಲಗಿದೆ. ಊಟ?” ಪಿಸುಗುಟ್ಟಿದಳು.

“ಬೇಡ.”

“ಕುರ್ಚಿ ಎಳೀಬೇಡಿ, ಎತ್ತಿ ಇಡಿ.”

ಕುರ್ಚಿ ಎತ್ತಿಟ್ಟ. ಹತ್ತೂ ಇಪ್ಪತ್ತಕ್ಕೆ ಕಂಪ್ಯೂಟರಿನ ಮುಂದೆ ಕೂತು ಹೊಸ ಫೈಲ್ ತೆರೆದ. ಆಫೀಸಿನಲ್ಲಿ ನಕ್ಷೆಗೇ ಅಂತ ಬೇರೆ ಪ್ರೋಗ್ರಾಂ ಇದೆ. ಮನೆಯಲ್ಲಿದ್ದದ್ದು ಪತ್ರ, ಅರ್ಜಿ ಟೈಪು ಮಾಡುವ ಮಾಮೂಲಿ ಪ್ರೋಗ್ರಾಂ. ಪ್ರೆಸ್ಸಿನವನು ಕೇಳಿದ್ದೂ ಅದರಲ್ಲೇ. ಸ್ಕ್ಯಾನ್ ಮಾಡಿಟ್ಟಿದ್ದ ನಕ್ಷೆಯನ್ನು ಪುಟದ ಮೇಲೆ ಇಳಿಸಿದ. ಮೂಲ ಕಾಗದವನ್ನು ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೂ ಒಂದೊಂದು ಲೋಟ ಇಟ್ಟ.

ನಕ್ಷೆ ಇದ್ದದ್ದು ಹೀಗೆ. ನಡುವೆ ಉದ್ದಕ್ಕೆ ಒಂದು ಹೊಳೆ. ಎರಡೂ ಕಡೆ ಸೇರಿ ಇಪ್ಪತ್ಮೂರು ಚುಕ್ಕೆ. ಗುಡ್ಡ ಅಂದರೆ ಒಂದರೊಳಗೊಂದು ಸುತ್ತು, ಅಣ್ಣನ ನಕ್ಷೆ ನೋಡಿ ಕಲಿತದ್ದು. ಒಂದೂ ಅಕ್ಷರವಿಲ್ಲ. ಒಂದು ತುದಿಯಲ್ಲಿ ಒಂದು ಬಾಣದ ಗುರುತು. ಯಾವ ಚುಕ್ಕೆಗೆ ಯಾವ ಹೆಸರು ಅನ್ನುವುದು ಬೇರೆ ಚೀಟಿಯಲ್ಲಿತ್ತು. ‘ಹೊಳೆಯ ಎಡಕ್ಕೆ ಹನ್ನೆರಡು, ಬಲಕ್ಕೆ ಹನ್ನೊಂದು’ ಅಂತ ಶುರುಮಾಡಿ, ಎರಡೂ ಕಡೆ ಮೇಲಿಂದ ಕೆಳಕ್ಕೆ ಹೆಸರು ಬರೆದಿದ್ದಳು. ಎಡಗಡೆ ಎಲ್ಲಕ್ಕಿಂತ ಮೇಲೆ ಜ್ವರದ ಮರಳುಗಾಡು. ಬಲಗಡೆ ಎಲ್ಲಕ್ಕಿಂತ ಕೆಳಗೆ ಮನೆಬಾಗಿಲು.

ಎಷ್ಟು ಹೊತ್ತಿನ ಕೆಲಸ? ಅರ್ಧ ಗಂಟೆ ಅಂದುಕೊಂಡ ಪಾಪ.

ಮೊದಲನೇ ಟೆಕ್ಸ್ಟ್ ಬಾಕ್ಸ್ ಹಾಕಿದ. ಸೂಜಿಕೋಟೆ ಅಂತ ಟೈಪು ಮಾಡಿದ. ಹೆಸರಿನ ಹಿಂದೆ ಬಿಳಿ ಚೌಕ ಬಂದು ಅರ್ಧ ಹೊಳೆಯನ್ನು ನುಂಗಿತು. ಆ ಬಿಳುಪು ತೆಗೆದ. ಸುತ್ತ ಕಪ್ಪು ಗೆರೆ ಉಳಿಯಿತು. ಗೆರೆ ತೆಗೆದ. ಅಕ್ಷರ ದೊಡ್ಡದಾಗಿ ಕೋಟೆಯ ‘ಟೆ’ ಕೆಳಗಿನ ಸಾಲಿಗೆ ಬಿತ್ತು. ಬಾಕ್ಸ್ ಹಿಗ್ಗಿಸಿದ. ಸರಿಹೋಯಿತು. ಎರಡನೆಯದು ಹಾಕಿದ. ಎಂಟನೆಯದಕ್ಕೆ ಬರುವಾಗ ಕೈತಪ್ಪಿ ಎಂಟರ್ ಒತ್ತಿದ ನೋಡಿ... ನಕ್ಷೆ ಇದ್ದಲ್ಲೇ ಇತ್ತು, ಏಳು ಹೆಸರೂ ಒಂದು ಸಾಲು ಕೆಳಕ್ಕೆ ಜಾರಿದವು. ಕೆಮ್ಮುಗುಡ್ಡ ಹೊಳೆಯಲ್ಲಿ ಬಿದ್ದಿತ್ತು.

“ನಿನ್ನ ಮನೆ ಹಾಳಾಗ,” ಅಂತ ಪಿಸುದನಿಯಲ್ಲೇ ಬೈದ. ಜೋರಾಗಿ ಬೈಯಲೂ ಆಗದ ಸಿಟ್ಟು ಇದೆಯಲ್ಲ, ಅದು ಹಲ್ಲಿಗೆ ಇಳಿಯುತ್ತದೆ.

ಎಲ್ಲವನ್ನೂ ಮತ್ತೆ ಎಳೆದು ಕೂರಿಸಿದ. ಟಿಕ್. ಟಿಕ್. ಟಿಕ್. ಹನ್ನೊಂದೂ ಕಾಲಿಗೆ ಬಲಗಡೆ ಮುಗಿಸಿದ. ಅಲ್ಲಿ ಚುಕ್ಕೆ ಹನ್ನೆರಡು ಇದ್ದವು, ಹೆಸರು ಹನ್ನೊಂದು. ಎಡಗಡೆ ಎಣಿಸಿದ. ಚುಕ್ಕೆ ಹನ್ನೊಂದು, ಹೆಸರು ಹನ್ನೆರಡು. ಮತ್ತೆ ಎಣಿಸಿದ. ಬೆರಳಿಟ್ಟು ಎಣಿಸಿದ. ಅಷ್ಟೇ.

“ಲೆಕ್ಕದಲ್ಲಿ ಯಾವತ್ತು ಪಾಸಾಗಿದ್ದಳು ಇವಳು,” ಅಂತ ಗೊಣಗಿ, ಎಡಗಡೆಯ ಒಂದು ಹೆಸರನ್ನು ಬಲಕ್ಕೆ ತಳ್ಳಿ ಸರಿದೂಗಿಸಿ, ಎಡಗಡೆಯದನ್ನೂ ಮುಗಿಸಿದ. ಮನೆಬಾಗಿಲನ್ನು ಬಲಗಡೆ, ಎಲ್ಲಕ್ಕಿಂತ ಕೆಳಗಿನ ಚುಕ್ಕೆಗೆ ಕೂರಿಸಿದ. ಆ ಚುಕ್ಕೆಯ ಸುತ್ತ ಸಣ್ಣ ಸಣ್ಣ ಹನಿ ಹನಿ ಗುರುತು ಇದ್ದವು. ಮನೆ ಮುಂದಿನ ಕೈತೋಟ ಇರಬೇಕು ಅಂದುಕೊಂಡ. ಸೇವ್ ಮಾಡಿದ.

ಆಗ ಕೇಳಿಸಿತು.

ಸರ್... ಸರ್... ಸರ್...

ಈ ಸಲ ಬಾವಿಯ ಹತ್ತಿರವಲ್ಲ. ಕೋಣೆಯಲ್ಲೇ. ತಲೆ ಎತ್ತಿದ.

ಫೂ.

ಎದುರಿನ ಕುರ್ಚಿ ಖಾಲಿ. ಮತ್ತೆ ಪರದೆಯ ಕಡೆ ತಿರುಗಿದ. ಮನೆಬಾಗಿಲು ಕೆಳಗಿರಲಿಲ್ಲ. ಎಡಗಡೆ, ಎಲ್ಲಕ್ಕಿಂತ ಮೇಲಿನ ಚುಕ್ಕೆಯ ಅಡಿಗೆ ಹೋಗಿ ಕೂತಿತ್ತು. ಜ್ವರದ ಮರಳುಗಾಡು ಅನ್ನುವ ಹೆಸರಿನ ಮೇಲೇ.

ಹೆದರಿದನೇ? ಇಲ್ಲ. ಅಲ್ಲೇ ಇರುವುದು ವಿಷಯ. ಅವನಿಗೆ ಬಂದದ್ದು ಸಿಟ್ಟು. ಅದುವರೆಗೆ ಆ ಪ್ರೋಗ್ರಾಂ ಅವನನ್ನು ಅಷ್ಟು ಆಟ ಆಡಿಸಿತ್ತು, ಇದೂ ಅದರದೇ ಕಿತಾಪತಿ ಅಂದುಕೊಂಡ. ಹೆಸರನ್ನು ಹಿಡಿದು ಕೆಳಕ್ಕೆ ಎಳೆದು ತಂದ. ಇಪ್ಪತ್ಮೂರು ಬಾಕ್ಸನ್ನೂ ನಕ್ಷೆಯ ಜೊತೆ ಸೇರಿಸಿ ಗ್ರೂಪ್ ಮಾಡಿದ. ಹಾಗೆ ಮಾಡಿದರೆ ಕಟ್ಟಿದ ಸೌದೆ ಹೊರೆಯ ಹಾಗೆ. ಒಂದು ಕಡ್ಡಿ ಮಾತ್ರ ಜಾರುವುದು ಸಾಧ್ಯವೇ ಇಲ್ಲ.

ಸರ್... ಸರ್...

ಜಾರಿತ್ತು. ಅದೊಂದೇ. ಅದೇ ಮೇಲಿನ ಎಡ ಚುಕ್ಕೆಗೆ.

ಕಂಪ್ಯೂಟರ್ ಆರಿಸಿ ಮತ್ತೆ ಹಾಕಿದ. ಫೈಲ್ ತೆರೆದ. ಕೆಳಕ್ಕೆ ತಂದ. ಹನ್ನೆರಡೂ ಹತ್ತಕ್ಕೆ ಮೂರನೇ ಸಲ ಹೋಯಿತು. ಡ್ರಾಯರಿನಿಂದ ಸ್ಕೇಲು ತೆಗೆದು ಪರದೆಯ ಮೇಲೇ ಇಟ್ಟು ಅಳೆದ. ಅವನು ಕೂರಿಸಿದ್ದ ಹೆಸರುಗಳೆಲ್ಲ ಚುಕ್ಕೆಯಿಂದ ಒಂದು ಮೂರು ಮಿಲಿಮೀಟರ್ ದೂರ, ಒಂದು ಐದು, ಹೇಗೆ ಹೇಗೋ ಇದ್ದವು. ತಾನಾಗಿ ಹೋದ ಹೆಸರು ಮಾತ್ರ ಚುಕ್ಕೆಯ ಅಡಿಗೆ ಸರಿಯಾಗಿ ನಡುಮಧ್ಯ ಕೂತಿತ್ತು. ಅವನಿಗಿಂತ ಚೆನ್ನಾಗಿ.

ಆಗ ಅವನು ಸ್ಕೇಲನ್ನು ಮೆಲ್ಲಗೆ ಕೆಳಗಿಟ್ಟ.

ಪ್ರೋಗ್ರಾಂ ತಪ್ಪು ಮಾಡಿದರೆ ಎಲ್ಲಿಗೋ ಒಯ್ದು ಬಿಸಾಡುತ್ತದೆ. ಇಷ್ಟು ನಾಜೂಕಾಗಿ ಕೂರಿಸುವುದಿಲ್ಲ.

ಮೇಜಿನ ಆಚೆ ಬದಿಯಿಂದ ಸದ್ದು ಬರುತ್ತಲೇ ಇತ್ತು. ನಿಲ್ಲುವುದು... ಮತ್ತೆ ಶುರು. ಸ್ವಲ್ಪ ಹೊತ್ತು ಕೇಳಿದ. ಆಮೇಲೆ ಕಟ್ಟೆಯೊಡೆದು ಹೋಯಿತು.

“ಆಯ್ತಮ್ಮಾ,” ಅಂದ. ಪಿಸುದನಿ. “ಕಾಯಿಸಿದೆ. ತಪ್ಪು ನಂದೇ. ಒಪ್ಕೊಂಡೆ. ಬೆಳಿಗ್ಗೆ ಎಂಟಕ್ಕೆ ಕೊಡ್ಬೇಕು ಕಣೇ... ಇವತ್ತಾದ್ರೂ ಬಿಡು. ನೀನೇ ಬರೆದ ಚೀಟಿ, ನೀನೇ ಹೇಳಿದ ಜಾಗ. ಬಲಗಡೆ, ಕೆಳಗೆ. ಇನ್ನೇನ್ ಬೇಕು ನಿಂಗೆ?”

ಉಜ್ಜುವುದು ಜೋರಾಯಿತು. ಸರಸರಸರ... ಚಿಕ್ಕ ಮಕ್ಕಳು ಸಿಟ್ಟಿನಲ್ಲಿ ಅಳಿಸುತ್ತಾರಲ್ಲ, ಕಾಗದ ಹರಿಯುವ ಹಾಗೆ... ಹಾಗೆ. ಕಾಗದದ ಮೂಲೆಯ ಮೇಲಿದ್ದ ಒಂದು ಲೋಟ ಟಣ್ ಟಣ್ ಅಂತ ನಡುಗಿತು.

ಫೂ.

ಆಮೇಲೆ ನಿಶ್ಶಬ್ದ.

“ಯಾರ ಜೊತೆ ಮಾತಾಡ್ತಿದೀರಿ?”

ಬೆಚ್ಚಿಬಿದ್ದ. ಹೆಂಡತಿ. ಹೊದಿಕೆ ಸುತ್ತಿಕೊಂಡು ಮೇಜಿನ ಆಚೆ ಬದಿಗೆ ಬಂದು ನಿಂತಿದ್ದಳು.

“ಕಂಪ್ಯೂಟರ್ ಜೊತೆ.”

“ಅದು ವಾಪಸ್ ಮಾತಾಡ್ದಾಗ ನನ್ನ ಎಬ್ಬಿಸಿ.” ಮೇಜಿನ ಮೇಲೆ ಕೈಯಾಡಿಸಿದಳು. “ಏನ್ರೀ ಇದು, ಎಲ್ಲಾ ಕಡೆ ರಬ್ಬರ್ ಪುಡಿ?”

“ನಾನು ರಬ್ಬರ್ ಮುಟ್ಟಿಲ್ಲ.”

“ಹಾಗಾದ್ರೆ ಬೆಕ್ಕು ಅಳಿಸ್ತಾ?”

ಅವರ ಮನೆಯಲ್ಲಿ ಬೆಕ್ಕಿಲ್ಲ. ಅವನು ಎದ್ದು ಬಗ್ಗಿ ನೋಡಿದ. ಮೂಲ ಕಾಗದದ ತುದಿಯಲ್ಲಿದ್ದ ಬಾಣ ಇರಲಿಲ್ಲ. ಅಲ್ಲಿ ಕಾಗದ ತೆಳ್ಳಗಾಗಿ, ಎಳೆ ಎದ್ದಿತ್ತು. ಬೇರೆ ಒಂದು ಗೆರೆಗೂ ಏನೂ ಆಗಿರಲಿಲ್ಲ.

“ಬಾಣ...” ಅಂದ. “ಇಲ್ಲೊಂದು ಬಾಣ ಇತ್ತು. ಉತ್ತರ ದಿಕ್ಕಿಂದು.”

“ಉತ್ತರ ದಿಕ್ಕಾ?”

“ಮತ್ತೇನು? ನಕ್ಷೆ ಅಂದಮೇಲೆ ಉತ್ತರ ಮೇಲಿರಬೇಕು. ಬಾಣ ಮೇಲಕ್ಕೆ ಬರೋ ಹಾಗೆ ತಿರುಗಿಸ್ಕೊಂಡೇ ಸ್ಕ್ಯಾನ್ ಮಾಡಿದ್ದು.”

ಅವಳು ತನ್ನ ಮುಂದಿದ್ದ ಕಾಗದವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಪರದೆಯನ್ನು ನೋಡಿದಳು.

“ರೀ... ನಾನು ನಿಂತಿರೋ ಕಡೆಯಿಂದ ಇದು ಸರಿಯಾಗೇ ಇದೆ. ನಿಮ್ಮ ಕಡೆಯಿಂದ ತಲೆಕೆಳಗು.”

“ಏನು ಹೇಳ್ತಿದೀಯಾ?”

“ವಾರ್ಡಿಗೆ ಊಟದ ಡಬ್ಬಿ ಕೊಡೋಕೆ ಹೋದಾಗೆಲ್ಲ ನೋಡಿದೀನಲ್ಲ. ಮಗು ಮಂಚದ ಮೇಲೆ ಒರಗಿ ಕೂತಿರೋದು. ಮಂಚಕ್ಕೆ ಅಡ್ಡ ಒಂದು ಹಲಗೆ. ನಿಮ್ಮ ತಂಗಿ ಕಾಲಿನ ಕಡೆ ನಿಂತ್ಕೊಂಡು ಬರೀತಿದ್ಲು, ಮಗೂಗೆ ನೇರ ಕಾಣೋ ಹಾಗೆ. ತನಗೆ ತಲೆಕೆಳಗು. ಅಭ್ಯಾಸ ಆಗೋಗಿತ್ತು ಅವಳಿಗೆ. ಆ ಬಾಣ ಉತ್ತರನೂ ಅಲ್ಲ ದಕ್ಷಿಣನೂ ಅಲ್ಲ. ಮಗುವಿನ ಹೊಟ್ಟೆ ಕಡೆ ತೋರಿಸಿ, ‘ನೀನು ಇಲ್ಲಿದೀಯ’ ಅಂತಿದ್ಲು. ಎಲ್ಲಾದಕ್ಕೂ ಮೊದಲು ಅದನ್ನೇ ಬರೀತಿದ್ದದ್ದು.”

ಸರ್ವೇಯರ್ ಕೂತ. ಇಪ್ಪತ್ತು ವರ್ಷದಲ್ಲಿ ಬಾಣ ಕಂಡಾಗಲೆಲ್ಲ ಕಾಗದ ತಿರುಗಿಸಿದ್ದ. ಯಾವತ್ತೂ ತಪ್ಪಿರಲಿಲ್ಲ.

ಪರದೆಯ ಮೇಲಿನ ನಕ್ಷೆಯನ್ನು ಹಿಡಿದು ತಿರುಗಿಸಿದ, ಮೇಲಿನದು ಕೆಳಗೆ. ಎಡಕ್ಕೆ ಹನ್ನೆರಡು ಚುಕ್ಕೆ ಬಂದವು. ಬಲಕ್ಕೆ ಹನ್ನೊಂದು. ಕೈತೋಟ ಅಂದುಕೊಂಡಿದ್ದ ಹನಿ ಹನಿ ಗುರುತು ಎಡಗಡೆ ಎಲ್ಲಕ್ಕಿಂತ ಮೇಲೆ ಹೋಯಿತು. ಅದು ಮರಳು. ಜ್ವರದ ಮರಳುಗಾಡು.

“ಅಯ್ಯೋ ದೇವರೇ,” ಅಂದಳು ಹೆಂಡತಿ. “ಹಾಗೇ ಅಚ್ಚಾಗಿದ್ರೆ... ಮಕ್ಕಳು ಮನೆಗೆ ಅಂತ ಹೊರಟು ಅಲ್ಲಿಗೆ ಹೋಗ್ತಿದ್ವು.”

ಅವನು ಗ್ರೂಪ್ ಬಿಚ್ಚಿದ. ನಕ್ಷೆಯಲ್ಲಿದ್ದ ಬಾಣದ ಮೇಲೆ ಒಂದು ಬಿಳಿ ಬಾಕ್ಸ್ ಇಟ್ಟು ಮುಚ್ಚಿದ. ಹೆಸರುಗಳನ್ನು ಒಂದೊಂದಾಗಿ ಹೊಸ ಚುಕ್ಕೆಗೆ ಎಳೆದ. ಹೆಂಡತಿ ಚೀಟಿ ಹಿಡಿದು ಪಿಸುದನಿಯಲ್ಲಿ ಓದಿ ಹೇಳಿದಳು. ನಿದ್ದೆಪುರ. ಹಠಮಾರಿಪೇಟೆ. ಕೆಮ್ಮುಗುಡ್ಡ... “ಸ್ವಲ್ಪ ಮೇಲೆ. ಇನ್ನೂ. ಹಾಂ, ಬಿಡಿ.” ಕೆಮ್ಮುಗುಡ್ಡ ಮಾತ್ರ ಇನ್ನೆರಡು ಸಲ ಹೊಳೆಗೆ ಬಿತ್ತು. ಅದು ಪ್ರೋಗ್ರಾಮಿನದೇ ತಪ್ಪು. ಅವನು ಬೈದ. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಸ್ವಲ್ಪ ಹೊತ್ತಿನಲ್ಲಿ ಅದೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಕೊನೆಗೆ ಉಳಿದದ್ದು ಮನೆಬಾಗಿಲು.

ಬಲಗಡೆ, ಎಲ್ಲಕ್ಕಿಂತ ಕೆಳಗೆ. ಮೊದಲು ಮೂರು ಸಲ ಕೂರಿಸಿದ್ದ ಜಾಗದ ಹತ್ತಿರವೇ. ಮೌಸ್ ಬಿಡಲು ಅವನಿಗೆ ಧೈರ್ಯ ಬರಲಿಲ್ಲ. ಬಿಟ್ಟ. ಟಿಕ್.

ಇಬ್ಬರೂ ಉಸಿರು ಹಿಡಿದು ನೋಡಿದರು. ಗೋಡೆ ಗಡಿಯಾರ ಟಕ್ ಟಕ್ ಅನ್ನುತ್ತಿತ್ತು. ಒಳಗೆ ಮಗು ಮಗ್ಗುಲಾದ ಸದ್ದು. ಬೇರೆ ಏನೂ ಇಲ್ಲ.

ಒಂದು ನಿಮಿಷ... ಎರಡು... ಐದು.

ಹೆಸರು ಅಲ್ಲೇ ಇತ್ತು.

ಸೇವ್ ಮಾಡಿ ಫೈಲ್ ಮುಚ್ಚಿದಾಗ ಎರಡೂ ಇಪ್ಪತ್ತು. ಹೆಂಡತಿ ಗಡಿಯಾರ ನೋಡಿ, “ನಾಲ್ಕು ಗಂಟೆ ಒಂದು ಪುಟಕ್ಕೆ. ನಿಮ್ಮ ಆಫೀಸಿಗೆ ಹೇಳ್ಬೇಡಿ, ನಗ್ತಾರೆ,” ಅಂದಳು. ಕಂಪ್ಯೂಟರ್ ಆರಿಸಿದರು. ಪ್ಲಗ್ಗನ್ನೂ ಕಿತ್ತಿಟ್ಟರು. ಅದನ್ನು ಇಬ್ಬರೂ ಬೇರೆ ಬೇರೆಯಾಗಿ ಹೇಳಿದ್ದಾರೆ, ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ ಇರುವಾಗ ಅವನು ಪ್ರೆಸ್ಸಿನಲ್ಲಿದ್ದ. ಮಾಲೀಕ ಫೈಲ್ ತೆರೆದು ನೋಡಿ ತಲೆಯಾಡಿಸಿದ. ಹೆಸರು ಎಲ್ಲ ಸರಿಯಾಗಿತ್ತು. ಮಷಿನ್ ಶುರುವಾಯಿತು. ಐವತ್ತು ಪ್ರತಿಯೂ ಆಯಿತು, ಸಂಜೆಗೆ ವಾರ್ಡಿಗೂ ಹೋಯಿತು. ಅಲ್ಲಿ ಒಂದು ಮಗು ಮನೆಬಾಗಿಲಿನ ಮೇಲೆ ಬೆರಳಿಟ್ಟುಕೊಂಡೇ ಸೂಜಿ ಚುಚ್ಚಿಸಿಕೊಂಡಿತಂತೆ.

ನಾನು ಹೇಳಬೇಕೆಂದದ್ದು ಅದಲ್ಲ. ಮಷಿನ್ ಓಡುತ್ತಿರುವಾಗ ಮಾಲೀಕ ಸುಮ್ಮನೆ ಫೈಲಿನ ವಿವರ ತೆರೆದು ನೋಡಿದ್ದಾನೆ. ಯಾವಾಗ ಶುರುಮಾಡಿದ್ದು, ಯಾವಾಗ ಮುಗಿಸಿದ್ದು, ಒಟ್ಟು ಎಷ್ಟು ಹೊತ್ತು ಕೆಲಸ ಮಾಡಿದ್ದು ಅಂತ ಅದರಲ್ಲಿ ತಾನಾಗಿ ದಾಖಲಾಗಿರುತ್ತದೆ.

“ಏನ್ ಸಾಹೇಬ್ರೇ, ಮೂರು ತಿಂಗಳು ಮಲಗಿದ್ದು ಒಂದೇ ರಾತ್ರೀಲಿ ಇಷ್ಟೊಂದಾ? ಇಬ್ಬರು ಕೂತು ಮಾಡಿದ ಲೆಕ್ಕ ಇದೆಯಲ್ಲ!” ಅಂದನಂತೆ.

ಆ ಫೈಲಿನ ಒಂದು ಪ್ರತಿಯನ್ನು ನಾನು ಕೇಳಿ ಇಸಿದುಕೊಂಡಿದ್ದೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ನಡೆದದ್ದು ನಡೆದದ್ದೇ. ಬೇಕಾದರೆ ಈಗಲೇ ತೆರೆದು ತೋರಿಸುತ್ತೇನೆ... ಶುರು, ರಾತ್ರಿ ಹತ್ತೂ ಇಪ್ಪತ್ತು. ಕೊನೆಯ ಸಲ ಸೇವ್ ಮಾಡಿದ್ದು, ಎರಡೂ ಇಪ್ಪತ್ತು. ಒಟ್ಟು ಕೆಲಸ ಮಾಡಿದ ಸಮಯ, ಏಳು ಗಂಟೆ ಐವತ್ತೆಂಟು ನಿಮಿಷ.